ಬಿಲೋ, ಅಂಡರ್: ದಾರೀಲಿ ಕೇಳಬೇಡಿ, ಇಲ್ಲೇ ಓದಿ

"ಮಿಸ್, ಬಿಲೋಗೂ ಅಂಡರ್‌ಗೂ ಏನ್ ಡಿಫರೆನ್ಸು? ಎರಡೂ ಕೆಳಗೆ ಅಂತಾನೇ ಅಲ್ವಾ? ಒಂದೇ ಲೈನಲ್ಲಿ ಹೇಳ್ಬಿಡಿ."

ಕೋಲಾರದಲ್ಲಿ ಇಂಗ್ಲಿಷ್ ಟ್ಯೂಷನ್ ಮಾಡುವವಳು ಅಂತ ಗೊತ್ತಾದರೆ ಸಾಕು, ಸೊಪ್ಪು ಕೊಳ್ಳುವಾಗಲೂ ಇದೇ ಪ್ರಶ್ನೆ. ಕೇಳಿದ್ದಕ್ಕೆ ಬೇಜಾರಿಲ್ಲ. ಆ "ಒಂದೇ ಲೈನು" ಇದೆಯಲ್ಲ, ಅದಕ್ಕೇ ನನಗೆ ಸಿಟ್ಟು.

ಸರಿ, ತಗೊಳ್ಳಿ. ಒಂದರ ನೇರ ಅಡಿಯಲ್ಲಿದ್ದರೆ, ಮೇಲಿರುವುದು ಅದನ್ನು ಮುಚ್ಚಿದ್ದರೆ, ಅಂಡರ್. ಮಂಚದಡಿಯ ಬೆಕ್ಕಿಗೆ ಅಂಡರ್. ಒಂದು ಮಟ್ಟಕ್ಕಿಂತ ಕೆಳಗಿದ್ದರೆ ಬಿಲೋ. ವಯಸ್ಸಿಗೆ ಎರಡೂ ನಡೆಯುತ್ತದೆ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ನಮ್ಮ ಕೆಜಿಎಫ್ ಚಿನ್ನದ ಗಣಿಯನ್ನೇ ನೋಡಿ. 2001ರಲ್ಲಿ ಮುಚ್ಚುವವರೆಗೂ ಜನ ಅಲ್ಲಿ ಅಂಡರ್‌ಗ್ರೌಂಡ್ ಇಳಿದು ದುಡಿದರು. ತಲೆ ಮೇಲೆ ಬಂಡೆ, ಅದಕ್ಕೇ ಅಂಡರ್. ಗಣಿಯ ಆಳ 3 ಕಿಲೋಮೀಟರಿಗೂ ಜಾಸ್ತಿ. ಊರು ಇರುವುದು ಸಮುದ್ರ ಮಟ್ಟದಿಂದ 800 ಮೀಟರಿಗೂ ಮೇಲೆ. ಅಂದರೆ ಗಣಿಯ ತಳ ಸಮುದ್ರ ಮಟ್ಟಕ್ಕಿಂತ ಸುಮಾರು 2 ಕಿಲೋಮೀಟರಿಗೂ ಬಿಲೋ. ಅಲ್ಲಿ ಮೇಲೆ ಸಮುದ್ರ ಎಲ್ಲಿದೆ? ಇರುವುದು ಲೆಕ್ಕದ ಗೆರೆ. ಬೋರ್‌ವೆಲ್ ನೀರು ನೆಲಮಟ್ಟದಿಂದ ಇಷ್ಟು ಮೀಟರ್ ಬಿಲೋ ಅಂತ ಅಳೆಯುವುದೂ ಹಾಗೇ. ಬಿಪಿಎಲ್ ಕಾರ್ಡಿನ ಮೊದಲಕ್ಷರವೂ ಇದೇ ಬಿಲೋ. ಆ ಬಡತನದ ಗೆರೆ ಎಳೆದದ್ದು ಸರ್ಕಾರ.

ಗೆರೆ ಎಲ್ಲಿದೆ ಅಂತ ಮಾತ್ರ ನನ್ನನ್ನು ಯಾರೂ ಕೇಳುವುದಿಲ್ಲ. ಕೇಳಬೇಕಾದ್ದು ಅದನ್ನೇ.

ಒಮ್ಮೆ ಒಬ್ಬ ತಾಯಿ ಮಗನ ಮಾರ್ಕ್ಸ್ ಕಾರ್ಡ್ ಹಿಡಿದು ಬಂದರು. ಕೆಂಪು ಇಂಕಿನಲ್ಲಿ "ಬಿಲೋ ಆವರೇಜ್" ಅಂತ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದರು. "ದಡ್ಡ ಅಂತ ಬರ್ದವ್ರಾ ಮಿಸ್?" ಹುಡುಗ ಪಕ್ಕದಲ್ಲೇ ಚೀಲದ ಜಿಪ್ಪು ಎಳೆಯುತ್ತಾ ನಿಂತಿದ್ದ.

ಅಲ್ಲ, ಅಕ್ಕ. ಐದು ಮಕ್ಕಳು ಹತ್ತಕ್ಕೆ 8, 9, 9, 9, 10 ತೆಗೆದರೆ ಸರಾಸರಿ 9. ಎಂಟು ತೆಗೆದ ಮಗುವೂ ಬಿಲೋ ಆವರೇಜೇ. ಅದು ದಡ್ಡ ಮಗುವಾ? ಎಲ್ಲರಿಗೂ ಒಂದೇ ಅಂಕ ಬರದ ಹೊರತು ಯಾರಾದರೂ ಸರಾಸರಿಗಿಂತ ಕೆಳಗೆ ಇದ್ದೇ ಇರುತ್ತಾರೆ. ಇದನ್ನು ಹಾಳೆ ಮೇಲೆ ಬರೆದು ತೋರಿಸಿದೆ. ಹುಡುಗ ಬಗ್ಗಿ ನೋಡಿದ. ಕೂಡಿಸಿ, ಐದರಿಂದ ಭಾಗಿಸಿ, ಹೌದು ಅಂದ. ಲೆಕ್ಕ ಸರಿಯಾಗೇ ಬರುತ್ತಿತ್ತು ಅವನಿಗೆ.

ಕ್ಲಾಸಿನ ಸರಾಸರಿ ಎಷ್ಟು ಅಂತ ಕಾರ್ಡಿನಲ್ಲಿ ಎಲ್ಲೂ ಇರಲಿಲ್ಲ. ಸ್ಕೂಲಿಗೆ ಹೋಗಿ ಮೊದಲು ಅದನ್ನು ಕೇಳಿ ಅಂತ ಕಳಿಸಿದೆ.