ಹಣ್ಣಿನ ಕೊಯ್ಲಿನ ಹೊತ್ತಿಗೆ ಕಾಫಿ ಸೀಮೆಯಲ್ಲಿ

ಚಿಕ್ಕಮಗಳೂರಿಗೆ ಹೊರಡುವವರು ದಯವಿಟ್ಟು ಶನಿವಾರ, ಭಾನುವಾರ ಬಿಟ್ಟು ಹೋಗಿ. ಹಿಂದೊಮ್ಮೆ ಭಾನುವಾರ ಮುಳ್ಳಯ್ಯನಗಿರಿಯ ಕಿರಿದಾದ ರಸ್ತೆಯಲ್ಲಿ ಕಾರುಗಳ ಸಾಲಿಗೆ ಸಿಕ್ಕಿ, ನಾಡಿನ ಅತಿ ಎತ್ತರದ ಶಿಖರದಲ್ಲಿ ಹಾರನ್ ಸದ್ದು ಕೇಳಿಸಿಕೊಂಡು ಬಂದಿದ್ದೆವು. ಆ ಬೇಸರ ನನಗೆ ಇನ್ನೂ ಹೋಗಿಲ್ಲ.

ಈ ಬಾರಿ ಜನವರಿಯ ಒಂದು ಮಂಗಳವಾರ ಅಮ್ಮನೊಡನೆ ಹಾಸನದಲ್ಲಿ ಬಸ್ಸು ಹತ್ತಿ, ಬೇಲೂರು ಮಾರ್ಗವಾಗಿ ಚಿಕ್ಕಮಗಳೂರು ಸೇರಿ, ಅಲ್ಲಿಂದ ಆಲ್ದೂರಿನ ಕಡೆಯ ಹೋಂಸ್ಟೇಗೆ ಹೋದೆವು. ತೋಟದೊಳಗೇ ಇರುವ, ಮನೆಯವರೂ ಅಲ್ಲೇ ವಾಸವಿರುವ ಜಾಗವನ್ನೇ ಆರಿಸಿ. ಊಟದ ರುಚಿ ನಿಂತಿರುವುದೇ ಅದರ ಮೇಲೆ.

ಬೆಳಗ್ಗೆ ಹಬೆಪಾತ್ರೆಯಿಂದ ಇಳಿಸಿದ ಅಕ್ಕಿ ಕಡುಬು, ಅವರೆಕಾಳಿನ ಸಾರು. ಮಧ್ಯೆ ಮುರಿದರೆ ಹೊಗೆಯಾಡುತ್ತಿತ್ತು. "ತುಪ್ಪ ಹಾಕಿಕೊಳ್ಳಿ ಅಮ್ಮ, ಆರಿದರೆ ಗಟ್ಟಿಯಾಗುತ್ತದೆ" ಎಂದು ಮನೆಯಾಕೆ ಪಕ್ಕದಲ್ಲೇ ನಿಂತು ಬಡಿಸಿದರು. ರಾತ್ರಿ ಅಕ್ಕಿ ರೊಟ್ಟಿ, ಕೋಳಿ ಸಾರು, ಮಿಡಿ ಉಪ್ಪಿನಕಾಯಿ. ಬೇಕಾದ ಅಡುಗೆಯನ್ನು ಹಿಂದಿನ ದಿನವೇ ತಿಳಿಸಿಬಿಡಿ, ಪೇಟೆ ದೂರ. ಮಳೆಗಾಲದಲ್ಲಿ ಹೋದರೆ ಎಳೆ ಬಿದಿರಿನ ಕಳಲೆ, ಕೆಸುವಿನೆಲೆಯ ಪತ್ರೊಡೆ ಸಿಗುತ್ತವೆ, ಜೊತೆಗೆ ರಕ್ತ ಹೀರುವ ಉಂಬಳದ ಕಾಟವೂ ಇರುತ್ತದೆ.

ಸಿಲ್ವರ್ ಓಕ್ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದ ನೆರಳಿನಲ್ಲಿ ಹಣ್ಣು ಕೊಯ್ಲು ನಡೆದಿತ್ತು. ಕೆಂಪು ಹಣ್ಣೊಂದನ್ನು ಹಿಚುಕಿದೆ. ಲೋಳೆ ಹತ್ತಿದ ಎರಡು ಬೀಜ ಬೆರಳ ಸಂದಿಯಿಂದ ಜಾರಿದವು. ಸಿಪ್ಪೆ ಸಿಹಿ, ಕಾಫಿಯ ಪರಿಮಳದ ಸುಳಿವೂ ಇಲ್ಲ. ಅದು ಹುಟ್ಟುವುದು ಹುರಿದ ಮೇಲೆ. 17ನೇ ಶತಮಾನದಲ್ಲಿ ಸೂಫಿ ಸಂತ ಬಾಬಾ ಬುಡನ್ ಯೆಮನ್‌ನ ಮೋಕಾದಿಂದ ಏಳು ಬೀಜ ತಂದು, ಈಗ ಅವರದೇ ಹೆಸರಿನ ಬಾಬಾ ಬುಡನ್‌ಗಿರಿಯಲ್ಲಿ ಬಿತ್ತಿದರು ಎಂಬ ಪ್ರತೀತಿಯನ್ನು ಚಿಕ್ಕಂದಿನಿಂದ ಕೇಳಿದ್ದೆ. ಅಂಗೈಯಲ್ಲಿ ಎರಡು ಬೀಜ ಹಿಡಿದಾಗ ಏಳೆಂದರೆ ಎಷ್ಟು ಕಡಿಮೆ ಎಂದು ಮೊದಲ ಸಲ ಅನ್ನಿಸಿತು.

ಕಣದಲ್ಲಿ ಒಣಗಲು ಹರಡಿದ ಬೀಜವನ್ನು ತುಳಿಯಬೇಡಿ, ಮಕ್ಕಳಿಗೂ ಹೇಳಿ. ಗಿರಿ ನೋಡಲೇಬೇಕೆಂದರೆ ಬೆಳಗ್ಗೆ ಬೇಗ ಹೊರಡಿ, ವಾಹನ ಪ್ರವೇಶದ ನಿಯಮವನ್ನು ಮೊದಲೇ ವಿಚಾರಿಸಿ. ಬಾಬಾ ಬುಡನ್‌ಗಿರಿಯಲ್ಲಿ ನಡೆಯುವ ದತ್ತ ಜಯಂತಿಯ ಆಸುಪಾಸಿನಲ್ಲಿ ಪ್ರವಾಸಿಗರಿಗೆ ನಿರ್ಬಂಧವಿರುತ್ತದೆ.

ಕಾಫಿ ಹೂವು ನೋಡುವ ಆಸೆಯಿದ್ದವರು ಮಾರ್ಚ್, ಏಪ್ರಿಲ್‌ವರೆಗೆ ಕಾಯಬೇಕು. ಹೂಮಳೆ, ಅಂದರೆ ಹೂ ಅರಳಿಸುವ ಬೇಸಿಗೆಯ ಮಳೆ, ಬಿದ್ದ ವಾರ-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಎರಡು ಮೂರು ದಿನದಲ್ಲಿ ಬಾಡುತ್ತದೆ. ದಿನಾಂಕ ಗೊತ್ತುಮಾಡಿ ಹೋಗಲಾಗದು. ಮಳೆ ಬಿದ್ದ ದಿನವೇ ಫೋನ್ ಮಾಡುವುದಾಗಿ ಮನೆಯಾಕೆ ಹೇಳಿದ್ದಾರೆ. ಅಮ್ಮ ತನ್ನ ನಂಬರನ್ನು ಅವರ ಕ್ಯಾಲೆಂಡರಿನ ಮೇಲೆ ಬರೆದು ಬಂದಿದ್ದಾಳೆ.