ಸ್ಕ್ರೀನ್‌ಶಾಟ್‌ಗೆ ದುಡ್ಡು ಕೊಡಬೇಡಿ: ಕೈ ಬದಲಾದ ಕಾನ್ಸರ್ಟ್ ಟಿಕೆಟ್ ನೋಡುವ ಬಗೆ

ದೊಡ್ಡ ಕಾರ್ಯಕ್ರಮದ ಟಿಕೆಟ್ ಖಾಲಿಯಾದ ಅರ್ಧ ಗಂಟೆಗೇ ಟೆಲಿಗ್ರಾಂ, ಇನ್‌ಸ್ಟಾಗ್ರಾಂ ತುಂಬ ಒಂದೇ ಮಾತು: "ಎರಡು ಟಿಕೆಟ್ ಇದೆ, ಆವತ್ತು ಊರಲ್ಲಿರಲ್ಲ, ಬೇಕಿದ್ರೆ ಮೆಸೇಜ್ ಮಾಡಿ." ಇವರಲ್ಲಿ ನಿಜಕ್ಕೂ ಊರಲ್ಲಿರದವರೂ ಇರುತ್ತಾರೆ, ಅನುಮಾನವಿಲ್ಲ. ಕೊಳ್ಳುವವರು ಮೊದಲು ಕೇಳುವುದು "ಟಿಕೆಟ್ ಫೋಟೊ ಕಳಿಸಿ" ಅಂತ. ಎಡವುವುದು ಅಲ್ಲೇ.

ಗೇಟಿನಲ್ಲಿ ಏನಾಗುತ್ತದೆ ನೋಡಿ. ಕ್ಯೂಆರ್ ಕೋಡಿನೊಳಗೆ ಇರುವುದು ಸಾಮಾನ್ಯವಾಗಿ ಅಕ್ಷರ ಮತ್ತು ಅಂಕಿಗಳ ಒಂದು ಸಾಲು, ಅಷ್ಟೇ. ಸ್ಕ್ಯಾನರ್ ಆ ಸಾಲನ್ನು ತನ್ನ ಪಟ್ಟಿಯಲ್ಲಿ ಹುಡುಕುತ್ತದೆ. ಪಟ್ಟಿಯಲ್ಲಿದ್ದು ಇನ್ನೂ ಯಾರೂ ಅದನ್ನು ತೋರಿಸಿ ಒಳಗೆ ಹೋಗಿಲ್ಲವೆಂದರೆ ಹಸಿರು, ಹೋಗಿದ್ದರೆ ಕೆಂಪು. ಮುಂದಿರುವವರು ಯಾರು, ಎಷ್ಟು ಕೊಟ್ಟು ತಂದರು ಎಂಬುದು ಅದಕ್ಕೆ ಬೇಕಿಲ್ಲ. ಒಂದೇ ಸ್ಕ್ರೀನ್‌ಶಾಟನ್ನು ಐದು ಜನಕ್ಕೆ ಮಾರಿದರೆ ಐವರ ಕೈಯಲ್ಲಿರುವುದೂ ಅಸಲಿ ಟಿಕೆಟ್ಟೇ. ಮೊದಲು ಗೇಟು ಮುಟ್ಟಿದವರು ಒಳಗೆ, ಉಳಿದ ನಾಲ್ವರು ಹೊರಗೆ. ಫೋಟೊ ಎಷ್ಟೇ ಸ್ಪಷ್ಟವಾಗಿರಲಿ, ಈ ಮೋಸ ಅದರಲ್ಲಿ ಕಾಣುವುದಿಲ್ಲ. ನೋಡಬೇಕಾದದ್ದು ಆ ಟಿಕೆಟ್ ಈಗ ಯಾರ ಅಕೌಂಟಿನಲ್ಲಿದೆ, ಅಲ್ಲಿಂದ ನಿಮ್ಮ ಅಕೌಂಟಿಗೆ ಬರುತ್ತದೆಯೋ ಇಲ್ಲವೋ ಎಂಬುದನ್ನು.

ಹಾಗಾಗಿ ರೇಟು ಮಾತಾಡುವ ಮುಂಚೆಯೇ ಕೇಳಿಬಿಡಿ: "ಈ ಶೋಗೆ ಆ್ಯಪ್‌ನಲ್ಲಿ ಟ್ರಾನ್ಸ್‌ಫರ್ ಆಪ್ಷನ್ ಇದೆಯಾ?" ಇದ್ದರೆ ಅದೇ ದಾರಿ, ಬೇರೆ ಮಾತೇ ಬೇಡ. ಟ್ರಾನ್ಸ್‌ಫರ್ ಆದ ಟಿಕೆಟ್ ನಿಮ್ಮ ಮೊಬೈಲ್ ನಂಬರಿನ ಲಾಗಿನ್‌ನಲ್ಲಿ ಕಾಣಬೇಕು, ಮಾರಿದವರ ಬುಕಿಂಗ್ ಪಟ್ಟಿಯಿಂದ ಹೋಗಿರಬೇಕು ಅಥವಾ ಬೇರೆಯವರಿಗೆ ಕೊಟ್ಟಿದ್ದೆಂದು ತೋರಿಸಬೇಕು. ಶೇರ್ ಬಟನ್ ಒತ್ತಿ ಲಿಂಕ್ ಕಳಿಸುವುದು ಟ್ರಾನ್ಸ್‌ಫರ್ ಅಲ್ಲ. ಅದರಲ್ಲಿ ಮೂಲ ಅವರ ಹತ್ತಿರವೇ ಉಳಿಯುತ್ತದೆ, ನಿಮಗೆ ಬರುವುದು ನಕಲು. ಜೊಮ್ಯಾಟೊ 2024ರಲ್ಲಿ ತಂದ ಮರುಮಾರಾಟದ ವ್ಯವಸ್ಥೆ ಸರಿಯಾದ ಜಾಗಕ್ಕೇ ಕೈ ಹಾಕಿತ್ತು: ಮಾರಿದವರ ಟಿಕೆಟ್ ರದ್ದಾಗುತ್ತಿತ್ತು, ಕೊಂಡವರ ಹೆಸರಿಗೆ ಹೊಸದು ಹುಟ್ಟುತ್ತಿತ್ತು. ಅಮೆರಿಕದಲ್ಲಿರುವ ಕನ್ನಡಿಗರಿಗೆ ಟಿಕೆಟ್‌ಮಾಸ್ಟರ್‌ನ ಓಡುವ ಬಾರ್‌ಕೋಡ್ ಗೊತ್ತಿರುತ್ತದೆ. ಕೆಲವು ಸೆಕೆಂಡಿಗೊಮ್ಮೆ ಅದು ಬದಲಾಗುವುದರಿಂದ ಸ್ಕ್ರೀನ್‌ಶಾಟ್ ಹಿಡಿದು ಗೇಟಿಗೆ ಹೋಗಿ ಪ್ರಯೋಜನವಿಲ್ಲ.

ಟ್ರಾನ್ಸ್‌ಫರ್ ಇಲ್ಲದ ಶೋಗಳೇ ತಲೆನೋವು. ಆಗ ವಿಡಿಯೊ ಕಾಲ್‌ನಲ್ಲಿ ಸ್ಕ್ರೀನ್ ಶೇರ್ ಮಾಡಲು ಹೇಳಿ. ಆ್ಯಪ್ ಪೂರ್ತಿ ಮುಚ್ಚಿ, ಮತ್ತೆ ತೆರೆದು, ಪ್ರೊಫೈಲ್‌ಗೆ ಹೋಗಿ, ಬುಕಿಂಗ್ ಪಟ್ಟಿ ತೆಗೆದು, ಬೆರಳಿಂದ ಕೆಳಗೆಳೆದು ರಿಫ್ರೆಶ್ ಮಾಡಬೇಕು. ಗ್ಯಾಲರಿಯ ಚಿತ್ರವಾದರೆ ಇಷ್ಟು ಹೊತ್ತಿಗೆ ಬಣ್ಣ ಬಯಲಾಗಿರುತ್ತದೆ. ಬುಕಿಂಗ್ ಐಡಿ, ದಿನಾಂಕ, ಗೇಟು, ವಿಭಾಗ, ಎಷ್ಟು ಜನಕ್ಕೆ ಎಂಬುದನ್ನು ಬರೆದುಕೊಳ್ಳಿ. ಈ ಕಾಲ್ ಮುಗಿದ ಮೇಲೆ ನಿಮಗೆ ಗೊತ್ತಾಗಿರುವುದು ಟಿಕೆಟ್ ಇದೆ ಎಂಬುದು ಮಾತ್ರ. ಅದನ್ನು ಇನ್ನೊಬ್ಬರಿಗೂ ಮಾರುವುದಿಲ್ಲ ಎಂಬ ಖಾತ್ರಿ ಇನ್ನೂ ಸಿಕ್ಕಿಲ್ಲ.

"ಕನ್ಫರ್ಮೇಶನ್ ಮೇಲ್ ಫಾರ್ವರ್ಡ್ ಮಾಡ್ತೀನಿ" ಅಂದರೆ ಸಮಾಧಾನಪಡಬೇಡಿ. ಫಾರ್ವರ್ಡ್ ಮಾಡುವಾಗ ಒಳಗಿನ ಅಕ್ಷರ ಏನು ಬೇಕಾದರೂ ತಿದ್ದಬಹುದು. ಮೂಲ ಮೇಲನ್ನೇ ಅದೇ ಕಾಲ್‌ನಲ್ಲಿ ತೆರೆಸಿ, ಕಳಿಸಿದ ವಿಳಾಸದ ಮೇಲೆ ಒತ್ತಿಸಿ, @ ಚಿಹ್ನೆಯ ನಂತರದ ಹೆಸರನ್ನು ಒಂದೊಂದು ಅಕ್ಷರವಾಗಿ ಓದಿ. ಆಮೇಲೆ ಮೇಲ್ ಜತೆ ಬಂದ ಪಿಡಿಎಫ್ ಬಿಲ್ಲಿನ ಲೆಕ್ಕ. ತಿದ್ದಿದ ಪಿಡಿಎಫ್ ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ. ಟಿಕೆಟ್ ದರವನ್ನು ಸಂಖ್ಯೆಯಿಂದ ಗುಣಿಸಿ, ಬುಕಿಂಗ್ ಆ್ಯಪ್ ಹಾಕುವ ಕನ್ವೀನಿಯೆನ್ಸ್ ಫೀ ಕೂಡಿಸಿ. ಆ ಫೀ ಮೇಲಿನ ಜಿಎಸ್‌ಟಿ ಶೇ 18. ಫೀ 400 ರೂಪಾಯಿ ಇದ್ದರೆ ತೆರಿಗೆ 72 ಬರಬೇಕು. ಎರಡು ಟಿಕೆಟ್ಟನ್ನು ನಾಲ್ಕು ಮಾಡಿದವರು ಮೇಲಿನ ಸಂಖ್ಯೆ ತಿದ್ದಿ ಕೆಳಗಿನ ಮೊತ್ತವನ್ನು ಹಾಗೇ ಬಿಟ್ಟಿರುತ್ತಾರೆ. ಸೋಮಾರಿತನಕ್ಕೂ ಇಂಥ ಕಡೆ ಒಂದು ಉಪಯೋಗವಿದೆ!

ಮೋಸಗಾರರಲ್ಲದವರಿಂದ ಕೊಂಡಾಗಲೂ ಕೈಕೊಡುವ ವಿಷಯ ಒಂದಿದೆ. ನಾಲ್ಕು ಟಿಕೆಟ್ಟಿನ ಬುಕಿಂಗ್‌ಗೆ ಎಷ್ಟೋ ಸಲ ಒಂದೇ ಕ್ಯೂಆರ್ ಇರುತ್ತದೆ. ಅದರಲ್ಲಿ ಎರಡನ್ನು ನಿಮಗೆ ಮಾರಿದ್ದರೆ, ಮಾರಿದವರು ಮತ್ತು ನೀವು ಒಟ್ಟಿಗೇ ಗೇಟು ದಾಟಬೇಕಾಗಬಹುದು. ಅವರು ಆರು ಗಂಟೆಗೆ ಬಂದು ಸ್ಕ್ಯಾನ್ ಮಾಡಿಸಿದರೆ, ಟ್ರಾಫಿಕ್‌ನಲ್ಲಿ ಸಿಕ್ಕು ಏಳೂವರೆಗೆ ಬಂದ ನಿಮಗೆ ಕೆಂಪು ದೀಪ. ಟಿಕೆಟ್ಟಿಗೊಂದು ಕ್ಯೂಆರ್ ಇದೆಯೇ, ಎಲ್ಲಕ್ಕೂ ಸೇರಿ ಒಂದೇ ಇದೆಯೇ, ಮೊದಲೇ ಕೇಳಿ.

ಗುರುತಿನ ಚೀಟಿಯದು ಇನ್ನೊಂದು ಗಂಟು. ಶೋ ಪುಟದ ಕೆಳಗೆ ಯಾರೂ ಓದದ ನಿಯಮಗಳಲ್ಲಿ "ಬುಕ್ ಮಾಡಿದವರ ಐಡಿ ಕಡ್ಡಾಯ", "ಮರುಮಾರಾಟ ಮಾಡಿದರೆ ಟಿಕೆಟ್ ರದ್ದು" ಎಂಬ ಸಾಲುಗಳಿವೆಯೇ ನೋಡಿ. ಇದ್ದರೆ ಟಿಕೆಟ್ ಅಸಲಿಯಾಗಿದ್ದೂ ಕೆಲಸಕ್ಕೆ ಬಾರದಿರಬಹುದು. "ನನ್ನ ಆಧಾರ್ ಕಾಪಿ ಕಳಿಸ್ತೀನಿ" ಎನ್ನುವವರ ಆಧಾರ್ ಇನ್ಯಾರದೋ ಆಗಿರಬಹುದು. ಅದು ನಂಬಿಕೆಗೆ ಆಧಾರವಲ್ಲ.

ಟಿಕೆಟ್ಟಿನ ಬದಲು ಮಣಿಕಟ್ಟಿಗೆ ಕಟ್ಟುವ ರಿಸ್ಟ್‌ಬ್ಯಾಂಡ್ ಆದರೆ ಬೀಗ ನೋಡಿ. ಬಟ್ಟೆಯ ಬ್ಯಾಂಡಿನ ಪ್ಲಾಸ್ಟಿಕ್ ಲಾಕ್ ಒಂದೇ ದಿಕ್ಕಿಗೆ ಜಾರುವಂಥದ್ದು. ಒಳಗಿನ ಹಲ್ಲು ಸವೆದಿದ್ದರೆ, ಬಟ್ಟೆಯ ನೂಲು ಎದ್ದಿದ್ದರೆ ಯಾರೋ ಕಟ್ಟಿಕೊಂಡು ಬಿಚ್ಚಿದ್ದಾರೆ. ಕಾಗದದಂಥ ಬ್ಯಾಂಡಿನಲ್ಲಿ ಅಂಟಿನ ಹತ್ತಿರ ಸಣ್ಣ ಸೀಳುಗಳಿರುತ್ತವೆ, ಕಿತ್ತರೆ ಹರಿಯಲೆಂದೇ. ಎರಡು ದಿನದ ಕಾರ್ಯಕ್ರಮವಾದರೆ ಬಣ್ಣ ಯಾವ ದಿನದ್ದು ಎಂದು ಆಯೋಜಕರ ಪುಟದಲ್ಲಿ ತಾಳೆ ಹಾಕಿ.

ಮರುಮಾರಾಟದ ವೆಬ್‌ಸೈಟುಗಳಲ್ಲಿ ಇನ್ನೂ ಕೈಗೆ ಬಾರದ ಟಿಕೆಟ್ಟನ್ನೂ ಮಾರಲು ಇಡುತ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ಮುಂಬೈನ ಕೋಲ್ಡ್‌ಪ್ಲೇ ಶೋಗೆ ಸಾವಿರಗಳ ಟಿಕೆಟ್ ಲಕ್ಷಗಳಲ್ಲಿ ಕಂಡಾಗ, ವಿಯಾಗೋಗೊ, ಗಿಗ್ಸ್‌ಬರ್ಗ್ ಜಾಲತಾಣಗಳಿಗೂ ತನಗೂ ಸಂಬಂಧವಿಲ್ಲವೆಂದು ಬುಕ್‌ಮೈಶೋ ಹೇಳಬೇಕಾಯಿತು. ಸೀಟ್ ನಂಬರ್ ಇರುವ ಶೋನಲ್ಲಿ ಅದನ್ನು ಹೇಳಲಾಗದವರ ಹತ್ತಿರ ಸೀಟೂ ಇಲ್ಲವೆಂದೇ ತಿಳಿಯಿರಿ.

ದುಡ್ಡಿನ ಮಾತು. "ಅರ್ಧ ಅಡ್ವಾನ್ಸ್ ಹಾಕಿ, ಇನ್ನೂ ಮೂರು ಜನ ಕೇಳ್ತಿದ್ದಾರೆ" ಎಂದು ಆತುರ ಮಾಡಿಸಿದರೆ ಅಲ್ಲಿಗೇ ಬಿಡಿ. ಟ್ರಾನ್ಸ್‌ಫರ್ ಇಲ್ಲದ ಟಿಕೆಟ್ಟಾದರೆ ಜಾಗದಲ್ಲೇ ಭೇಟಿಯಾಗಿ, ಮಾರುವವರನ್ನೂ ಸಾಲಿನಲ್ಲಿ ನಿಲ್ಲಿಸಿಕೊಂಡು, ಹಸಿರು ದೀಪ ಹತ್ತಿದ ಮೇಲೆ ಯುಪಿಐ ಮಾಡಿ. ಒಪ್ಪದವರೇ ಹೆಚ್ಚು, ಗೊತ್ತು. ಬೆಂಗಳೂರಿನ ಮಾದಾವರದಂಥ ಕಡೆಯ ಮೈದಾನಗಳಲ್ಲಿ ಜನ ಸೇರಿದಾಗ ನೆಟ್‌ವರ್ಕ್ ಕುಸಿಯುತ್ತದೆ, ಹಾಗಾಗಿ ಟಿಕೆಟ್ ಆ್ಯಪ್‌ಗೆ ಮೆಟ್ರೊ ಸ್ಟೇಷನ್‌ನಲ್ಲೇ ಲಾಗಿನ್ ಆಗಿರಿ. ರೀಫಂಡ್ ಕೊಡುತ್ತೇನೆಂದು ಮಾರಿದವರು ಕಳಿಸುವ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ಹೋಗುತ್ತದೆ, ಬರುವುದಿಲ್ಲ.

ಗೇಟಿನಲ್ಲಿ ಕೆಂಪು ಬಂದರೆ ಕಾವಲಿನವರ ಜತೆ ಜಗಳಕ್ಕೆ ನಿಲ್ಲದೆ ಬಾಕ್ಸ್ ಆಫೀಸಿಗೆ ಹೋಗಿ, ಈ ಕೋಡ್ ಎಷ್ಟು ಗಂಟೆಗೆ, ಯಾವ ಗೇಟಿನಲ್ಲಿ ಸ್ಕ್ಯಾನ್ ಆಗಿದೆ ಎಂದು ಕೇಳಿ ಬರೆದುಕೊಳ್ಳಿ. ಚಾಟ್ ಅಳಿಸಬೇಡಿ, ಮಾರಿದವರನ್ನು ಬ್ಲಾಕ್ ಮಾಡಬೇಡಿ. ಯುಪಿಐ ವಹಿವಾಟಿನ 12 ಅಂಕಿಯ ನಂಬರ್ ಕೈಯಲ್ಲಿಟ್ಟುಕೊಂಡು, ಅಲ್ಲಿಂದಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೊಂದು ಖಾತೆಗೆ ಜಾರುವ ಮೊದಲು ತಡೆಯಲು ಸಿಗುವುದು ಮೊದಲ ಒಂದೆರಡು ಗಂಟೆಯಷ್ಟೇ.