ಗಂಟಲಲ್ಲಿ ನಿಲ್ಲುವ ಸ್ವರ

ಮೆಕ್ಸಿಕೋದ ವಾಹಾಕಾ ರಾಜ್ಯದ ಹುಚಿತಾನ್ ಪಟ್ಟಣಕ್ಕೆ ಗಾಳಿಯಂತ್ರಗಳ ಕೆಲಸಕ್ಕೆಂದು ಬರುವ ಮುನ್ನ ನಾನು ಆರು ತಿಂಗಳು ಸ್ಪ್ಯಾನಿಷ್ ಕಲಿತಿದ್ದೆ. ಆದರೆ ಇಲ್ಲಿನ ಮಾರುಕಟ್ಟೆಯಲ್ಲಿ ಒಣಸೀಗಡಿ ಮಾರುವ ಹೆಂಗಸರು ತಮ್ಮೊಳಗೆ ಆಡಿಕೊಳ್ಳುತ್ತಿದ್ದ ಮಾತಿನಲ್ಲಿ ನಡುನಡುವೆ ಬರುವ ಕೆಲವು ಸ್ಪ್ಯಾನಿಷ್ ಪದಗಳ ಹೊರತು ನನಗೆ ಏನೂ ತಿಳಿಯಲಿಲ್ಲ. ಅವರು ಆಡುವುದು ಝಾಪೊಟೆಕ್. ಅವರದೇ ಹೆಸರಿನಲ್ಲಿ ಹೇಳುವುದಾದರೆ ‘ದೀಜಝಾ’, ಅಂದರೆ ಮೋಡದ ಮಾತು. ಅದನ್ನಾಡುವವರು ‘ಬಿನ್ನಿಝಾ’, ಮೋಡದ ಜನ.

‘ಬಿನ್ನಿ’ಯ ಒತ್ತಕ್ಷರ ಕೇಳಿ ನನಗೆ ಧೈರ್ಯ ಬಂದಿತ್ತು. ಹಳಿಗೂ ಹಳ್ಳಿಗೂ ಇರುವ ಅಂತರವನ್ನು ಹುಟ್ಟಿನಿಂದ ಬಲ್ಲ ಕಿವಿಗೆ ಇದು ಕಷ್ಟವಲ್ಲ. ಇಲ್ಲಿ ಬಿಗಿ ಮತ್ತು ಸಡಿಲ ಎಂಬ ಎರಡು ಬಗೆಯ ವ್ಯಂಜನಗಳಿದ್ದು, ಸಡಿಲ ವ್ಯಂಜನದ ಹಿಂದೆ ಒತ್ತಿ ನುಡಿಯುವ ಸ್ವರ ಉದ್ದವಾಗುತ್ತದೆ ಎಂಬುದಷ್ಟೇ ಹೊಸತು.

ನಾನು ಎಡವಿದ್ದು ಸ್ವರಗಳಲ್ಲಿ. ಒಂದೇ ಸ್ವರವನ್ನು ಇವರು ಮೂರು ಬಗೆಯಲ್ಲಿ ನುಡಿಯುತ್ತಾರೆ: ನಮ್ಮಂತೆ ಸರಾಗವಾಗಿ, ಕೊನೆಯಲ್ಲಿ ಗಂಟಲನ್ನು ಥಟ್ಟನೆ ಮುಚ್ಚಿ, ಅಥವಾ ಹಳೆಯ ಬಾಗಿಲು ಕಿರುಗುಟ್ಟಿದಂತೆ ಗಂಟಲನ್ನು ಬಿಗಿಹಿಡಿದು. 1956ರಲ್ಲಿ ರೂಪುಗೊಂಡ ಲಿಪಿಪದ್ಧತಿಯು ಎರಡನೆಯದಕ್ಕೆ ಸ್ವರದ ಪಕ್ಕ ಮೇಲ್ಗಡೆ ಒಂದು ಪುಟ್ಟ ಗೀಟನ್ನು (') ಹಾಕುತ್ತದೆ, ಮೂರನೆಯದಕ್ಕೆ ಸ್ವರವನ್ನೇ ಎರಡು ಬಾರಿ ಬರೆಯುತ್ತದೆ. ಇವೆಲ್ಲದರ ಮೇಲೆ ಸವಾರಿ ಮಾಡುವ ಏರಿಳಿತದ ಸ್ಥಾಯಿಗಳನ್ನು ಮಾತ್ರ ಬರೆಯುವುದೇ ಇಲ್ಲ. ‘ಗ್ಯೆ’ ಎಂದರೆ ಕಲ್ಲು. ಅದನ್ನೇ ಗಂಟಲಲ್ಲಿ ತಡೆದರೆ ಹೂವು. ಹೂ ಮಾರುವ ಮುದುಕಿಯ ಬಳಿ ನಾನು ಕಲ್ಲು ಕೇಳಿದಾಗ ಸಾಲಿನವರೆಲ್ಲ ನಕ್ಕರು. ಬಾಯಿ ಮುಚ್ಚಿಕೊಂಡೇ ‘ಊಹೂಂ’ ಎನ್ನುವಾಗ ನಮ್ಮ ಗಂಟಲೂ ಹಾಗೆಯೇ ತಡೆಯುತ್ತದೆ ಎಂಬುದು ಹೊಳೆದ ಮೇಲೆ ಅಭ್ಯಾಸ ಸ್ವಲ್ಪ ಹಿಡಿತಕ್ಕೆ ಬಂತು.

2020ರ ಜನಗಣತಿಯಂತೆ ಝಾಪೊಟೆಕ್ ಆಡುವವರು ಸುಮಾರು 4,90,000. ಆದರೆ ಅದು ಒಂದು ಭಾಷೆಯಲ್ಲ, ಭಾಷೆಗಳ ಕುಟುಂಬ. 2008ರ ಸರ್ಕಾರಿ ಪಟ್ಟಿಯಲ್ಲಿ 62 ಪ್ರಭೇದಗಳಿವೆ. ಮುಂದೆ ಮೆಕ್ಸಿಕೋದ ಅಧ್ಯಕ್ಷನಾದ ಬೆನಿತೊ ಹ್ವಾರೆಸ್ 1806ರಲ್ಲಿ ಹುಟ್ಟಿದ ಗೆಲತಾವ್ ಬೆಟ್ಟದೂರಿನ ನುಡಿ ಹುಚಿತಾನಿನವರಿಗೆ ಅರ್ಥವಾಗುವುದಿಲ್ಲ. ಇಷ್ಟಿದ್ದೂ ಸ್ಪ್ಯಾನಿಷ್ ಬಲ್ಲವರು ಇದನ್ನು ‘ದಿಯಾಲೆಕ್ತೊ’, ಅಂದರೆ ಬರೀ ಉಪಭಾಷೆ, ಎಂದು ಕರೆದು ಮುಗಿಸಿಬಿಡುತ್ತಾರೆ. ಆಡುವವರೇ ಹಾಗೆನ್ನುವಾಗ ನನಗೆ ಹೆಚ್ಚು ಬೇಸರ.

ನನ್ನ ಮನೆಯೊಡತಿ ಮೊಮ್ಮಗನನ್ನು ದೀಜಝಾದಲ್ಲಿ ಗದರುತ್ತಾರೆ, ಅವನು ಸ್ಪ್ಯಾನಿಷಿನಲ್ಲಿ ಉತ್ತರಿಸುತ್ತಾನೆ. ತನಗೆ ಆ ಮಾತು ಬರುವುದಿಲ್ಲ ಎಂದೇ ಅವನು ಹೇಳುತ್ತಿದ್ದ. ಕಳೆದ ವಾರ ಅಂಗಳದಲ್ಲಿ ನಾನು ಮತ್ತೆ ಹೂವನ್ನು ಕಲ್ಲೆಂದಾಗ, ಅಜ್ಜಿ ಬಾಯಿ ತೆರೆಯುವ ಮೊದಲೇ ಆಟ ಬಿಟ್ಟು ತಲೆಯೆತ್ತದೆ ಅವನು ಆ ಪದವನ್ನು ಗಂಟಲಲ್ಲಿ ತಡೆದು ಸರಿಯಾಗಿ ಹೇಳಿದ.